ಫಲಶ್ರುತಿ ಇಲ್ಲದ ಕಥೆ

ಪುರಾಣ ಓದುವಾಗ ನಗಬಾರದ ಕಡೆ ನಗುತ್ತಿದ್ದವರು ನಾಗಮಂಗಲದಲ್ಲಿ ಆಚಾರ್ರೊಬ್ಬರೇ. ನಾನು ರಾಗ ಎಳೆದು, ಕಣ್ಣು ಅರೆಮುಚ್ಚಿ, ರಾಜಕುಮಾರ ಬಾಣ ತಿಂದು ರಥದಿಂದ ಉರುಳುವುದನ್ನು ಹೇಳುತ್ತಿರುವಾಗ ಚಾವಡಿಯ ಹಿಂದಿನ ಸಾಲಿನಿಂದ ಕಿಸಕ್ಕನೆ ಒಂದು ಸದ್ದು. ಹೆಂಗಸರು ಕಣ್ಣೊರೆಸಿಕೊಳ್ಳುವುದನ್ನು ಬಿಟ್ಟು ಅತ್ತ ತಿರುಗುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಪುರಾಣ ಓದುವುದು ನಮ್ಮ ಮನೆ ಕಸುಬು, ಅಪ್ಪನಿಂದ ಬಂದದ್ದು. ಅಪ್ಪ ಓದುವಾಗ ಯಾರೂ ನಕ್ಕಿದ್ದಿಲ್ಲ. ಒಂದು ದಿನ ಓದು ಮುಗಿದ ಮೇಲೆ ಅಡ್ಡ ಹಾಕಿ ಕೇಳಿಯೇಬಿಟ್ಟೆ: "ಏನ್ರೀ ಆಚಾರ್ರೇ, ಸಾವಿನ ಮಾತು ಕೇಳಿದರೆ ನಗು ಬರುತ್ತಾ ನಿಮಗೆ?"

"ಸಾವ್ಗಲ್ಲ ಸ್ವಾಮಿ," ಅಂದರು. "ಸತ್ತೋನು ಬಿದ್ದ, ಸರಿ. ಅವನ್ ರಥದ ಕುದ್ರೆ ಏನಾದ್ವು? ಆಗ್ಲಿಂದ ಅಲ್ಲೇ ನಿಂತವೆ. ಹುಲ್ ಆಕೋರು ಗತಿಯಿಲ್ಲ. ನೀವು ಅವುನ್ನ ಅಲ್ಲೇ ಬುಟ್ಬುಟ್ಟು ಸ್ವರ್ಗಕ್ಕೆ ಒಂಟೋದ್ರಿ. ಅದ್ಕೇ ನಗ ಬಂತು."

ಜಗಳಕ್ಕೆ ಹೋದವನು ಪೆಚ್ಚಾಗಿ ಮನೆಗೆ ಬಂದೆ. ಊಟ ಮಾಡುವಾಗಲೂ ಆ ಕುದುರೆಗಳೇ ತಲೆಯಲ್ಲಿ. ಅವು ಏನಾದವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವರು ಬಡಗಿ. ಬಡಗಿ ಬೀದಿಯ ಕೊನೆ ಮನೆ. ಕೆಲಸದಲ್ಲಿ ಅಂಥ ಹೆಸರೇನೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಸುರಿಗೆ ಅಂತ ತೊಟ್ಟಿಲು ಹೇಳಿದರೆ ಮಗು ಅಂಬೆಗಾಲಿಡುವ ಹೊತ್ತಿಗೆ ತರುತ್ತಿದ್ದರು. ಕೇಳಿದರೆ, "ಮಗಿಗೆ ಅರ್ಜೆಂಟಿಲ್ಲ, ನಿಮ್ಗ್ಯಾಕೆ?" ಅನ್ನುವ ಹಾಗೆ ಒಂದು ನೋಟ. ತಲೆಗೂದಲಲ್ಲಿ ಯಾವಾಗಲೂ ಮರದ ಹೊಟ್ಟು, ಕಿವಿಯ ಸಂದಿಯಲ್ಲಿ ಬಳಪದ ತುಂಡು. ಆ ಬಳಪ ಮರದ ಮೇಲೆ ಗೆರೆ ಎಳೆಯುವುದಕ್ಕೆ ಅಂತ ಊರವರು ಅಂದುಕೊಂಡಿದ್ದರು. ಅಲ್ಲ, ಅದು ಕಡತಕ್ಕೆ.

ಅವರ ಮನೆ ಅಟ್ಟದ ಮೇಲೆ ಕಡತಗಳ ಒಂದು ಗಂಟಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಸಿದ ಕರೀ ಕಡತ. ಶಾನುಭೋಗರು ಲೆಕ್ಕ ಬರೆಯುತ್ತಾರಲ್ಲ, ಅಂಥದ್ದೇ. ಇವುಗಳಲ್ಲಿ ಇದ್ದದ್ದು ಕಥೆಗಳು. ಯಾರು ಬರೆದದ್ದು ಅಂತ ಅವರಿಗೂ ಗೊತ್ತಿರಲಿಲ್ಲ. ತಾತನ ಕಾಲದಿಂದ ಇದ್ದವು. ಅಕ್ಷರ ಮಾಸಿದಾಗ ಮನೆಯವರೇ ಬಳಪದಲ್ಲಿ ತಿದ್ದುತ್ತಾ ಬಂದಿದ್ದರು.

ಕುದುರೆ ವಿಷಯ ಕೇಳಿದ ಮೇಲೆ ಸುಮ್ಮನಿರಲಾರದೆ ಒಂದು ಮಧ್ಯಾಹ್ನ ಅವರ ಜಗುಲಿಗೆ ಹೋದೆ. ಕಡತವನ್ನು ಕಾಲ್ಬೆರಳಲ್ಲಿ ಹಿಡಿದುಕೊಂಡು, ಕೈಯಲ್ಲಿ ಗೂಟ ಕೆತ್ತುತ್ತಾ ಓದುತ್ತಿದ್ದರು. ನನಗೂ ಓದಿ ಹೇಳಿದರು. ಅಯ್ಯೋ, ಏನು ಕಥೆಗಳು ಅಂತೀರಿ! ಒಂದರಲ್ಲಿ ಮೊದಲ ಮಡಿಕೆಯಲ್ಲೇ ರಾಜ ಸತ್ತುಹೋಗುತ್ತಾನೆ. ಮಿಕ್ಕ ಕಥೆಯೆಲ್ಲ ಅವನ ಪಾದುಕೆ ತರಲು ಹೋದ ಆಳಿನದು. ರಾಜ ಸತ್ತದ್ದು ಅವನಿಗೆ ತಿಳಿಯದು. ಪಾದುಕೆ ಹಿಡಿದು ಅರಮನೆಯೆಲ್ಲ ಹುಡುಕುತ್ತಾನೆ. ಎದುರು ಸಿಕ್ಕವರೆಲ್ಲ ಅಳುತ್ತಿರುತ್ತಾರೆ; ಇವನು, ಪಾಪ, ಏನೋ ಹಬ್ಬದ ಹೊಗೆ ಕಣ್ಣಿಗೆ ಹೋಗಿರಬೇಕು ಅಂದುಕೊಳ್ಳುತ್ತಾನೆ. ಕೊನೆಗೆ ಹಸಿವಾಗಿ, ಪಾದುಕೆಯನ್ನು ಒಂದು ಕಂಬದ ಹತ್ತಿರ ಇಟ್ಟು ಊಟಕ್ಕೆ ಹೋಗುತ್ತಾನೆ. ಕಥೆ ಮುಗಿಯಿತು.

"ಆಮೇಲೆ?" ಅಂದೆ.

"ಉಂಡ."

"ಅಷ್ಟೇನಾ?"

"ಇನ್ನೇನ್ ಸ್ವಾಮಿ, ಅಸ್ದೋನು ಉಂಡ ಅಂದ್ರೆ ಸಾಲ್ದಾ ನಿಮ್ಗೆ?" ಅಂತ ಅವರು ನಕ್ಕ ನಗೆಗೆ ಒಳಗಿನಿಂದ ಅವರ ಸೊಸೆಯೂ ನಕ್ಕಳು.

ಆ ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಮಗನನ್ನು ಪಟ್ಟಣದ ಕೋಟೆಯವರು ಫಿರಂಗಿ ತೋಪಿನ ಗಾಡಿಗೆ ಗಾಲಿ ಮಾಡಲು ಅಂತ ಕರೆದುಕೊಂಡು ಹೋಗಿದ್ದರು. ಗಾಲಿ ಮಾಡಿದವನು ಗಾಲಿಯ ಜೊತೆಗೇ ಇರಬೇಕು, ದಾರಿಯಲ್ಲಿ ಮುರಿದರೆ ಯಾರು ಕಟ್ಟುತ್ತಾರೆ ಅಂತ ದಂಡಿನ ಹಿಂದೆ ಮಲೆಯಾಳದ ಕಡೆಗೂ ಕಳಿಸಿದರು. ಆಮೇಲೆ ಸುದ್ದಿಯಿಲ್ಲ. ಆ ಹೆಣ್ಣುಮಗಳು ದಿನಾ ಬೆಳಿಗ್ಗೆ ಹೊಸ್ತಿಲಿಗೆ ಅರಿಶಿನ ಬಳಿಯುವಾಗ ಒಮ್ಮೆ ಬೀದಿಯ ತುದಿ ನೋಡಿ ಒಳಗೆ ಹೋಗುತ್ತಿದ್ದಳು.

ನನಗೆ ಆ ಜಗುಲಿಯ ಚಟ ಹತ್ತಿತು. ಬೆಳಿಗ್ಗೆ ಸ್ನಾನ ಸಂಧ್ಯೆ, ಸಂಜೆ ಚಾವಡಿಯಲ್ಲಿ ಪುರಾಣ. ನಡುವೆ ಕದ್ದು ತಿಂದ ಹಾಗೆ ಈ ಕಥೆಗಳು. ನನ್ನ ಹೆಂಡತಿ, "ಆಚಾರ್ರ ಮನೇಲಿ ಅದೇನು ಓದ್ತೀರಿ, ನಮಗೂ ಹೇಳಿ," ಅನ್ನುತ್ತಿದ್ದಳು. ಹೇಳಲು ಹೊರಟರೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಒಬ್ಬ ಪಾದುಕೆ ಹಿಡಿದು ತಿರುಗಿದ ಅಂದರೆ ಯಾರು ತಾನೇ ಮೆಚ್ಚುತ್ತಾರೆ? ಆದರೆ ಜಗುಲಿಯಿಂದ ಎದ್ದು ಬರುವಾಗ ಬೀದಿ, ಬಾವಿ, ದಾರಿಯಲ್ಲಿ ಬಿದ್ದ ಎಮ್ಮೆ ಸಗಣಿ ಕೂಡ ಈಗತಾನೇ ಯಾರೋ ತಂದಿಟ್ಟ ಹಾಗೆ ಕಾಣುತ್ತಿತ್ತು. ಇದನ್ನು ಹೇಗೆ ಹೇಳಿ ಒಪ್ಪಿಸಲಿ?

ಎಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ಹೊಸ್ತಿಲ ಕಥೆ. ಅದರಲ್ಲಿ ಮಾತಾಡುವುದು ಒಂದು ಮನೆಯ ಹೊಸ್ತಿಲು. ಅದಕ್ಕೆ ಕಾಣುವುದು ಕಾಲು ಮಾತ್ರ. ಸೇರು ಒದ್ದು ಬಂದ ಮದುವಣಗಿತ್ತಿಯ ಕಾಲು, ಹೊಟ್ಟೆಯ ಮೇಲೆ ಮಲಗಿ ದಾಟಲಾರದೆ ಅಳುವ ಮಗುವಿನ ಕಾಲು, ಸುಮ್ಮನೆ ಮಲಗಿಕೊಂಡು ಹೊರಗೆ ಹೋದ ಒಂದು ಜೊತೆ ಕಾಲು. ಒಳಗೆ ಏನಾಯಿತು, ಹೊರಗೆ ಹೋಗಿ ಏನು ಮಾಡಿದರು, ಯಾವುದೂ ಅದಕ್ಕೆ ತಿಳಿಯದು. ಕೊನೆಯ ಮಾತು ಹೀಗಿತ್ತು: "ಹೊರಗೆ ಒಂದು ಕಾಲು ಬಂದು ನಿಂತಿತು." ಅಲ್ಲಿಗೆ ಕಡತದ ಬಟ್ಟೆ ಮುಗಿದಿರಲಿಲ್ಲ, ಇನ್ನೂ ಜಾಗ ಇತ್ತು. ಬರೆದವನು ಬೇಕೆಂದೇ ಅಲ್ಲಿ ಬಿಟ್ಟಿದ್ದ.

ಇದನ್ನು ಚಾವಡಿಯಲ್ಲಿ ಓದುತ್ತೇನೆ ಅಂತ ಹಟ ಹಿಡಿದೆ. ಒಳ್ಳೆಯದನ್ನು ಒಬ್ಬನೇ ತಿಂದರೆ ಗಂಟಲಲ್ಲಿ ಇಳಿಯದು ಅನ್ನುವ ಜಾತಿ ನಾನು. ಆಚಾರ್ರು ಉಳಿ ಕೆಳಗಿಟ್ಟರು.

"ಬ್ಯಾಡಿ ಅಯ್ನೋರೆ. ಇವು ಕರ್ದು ಉಣ್ಸೋ ಊಟ ಅಲ್ಲ. ತಾನಾಗೆ ಬಂದು ಕುಂತೋನ್ಗೆ ಬಡಿಸ್ಬೇಕು. ಕೇಳು ಅಂತ ಯೋಳುದ್ರೆ ಕತೆಗೂ ಮರ್ವಾದೆಯಿಲ್ಲ, ಕೇಳ್ದೋನ್ಗೂ ಇಲ್ಲ."

"ನನ್ನ ಓದಿನ ಮೇಲೆ ನಂಬಿಕೆ ಇಲ್ಲವೇ?"

"ಓದ್ನ ಮ್ಯಾಲೆ ಅದೆ," ಅಂದರು. ಮಿಕ್ಕದ್ದರ ಮೇಲೆ ಇಲ್ಲ ಅಂತ ಹೇಳಲಿಲ್ಲ. ಕಡತ ಕೊಟ್ಟರು.

ಚಾವಡಿ ತುಂಬಿತ್ತು. ಹೊಸ ಕಥೆ ಅಂದಮೇಲೆ ಜನ ಬರದೆ ಇರುತ್ತಾರೆಯೇ? ಓದಿದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಓದಿದ್ದಿಲ್ಲ. ಮುಗಿಸಿ ತಲೆ ಎತ್ತಿದರೆ ಎಲ್ಲರೂ ಇನ್ನೂ ಏನೋ ಬರಬೇಕು ಅನ್ನುವ ಹಾಗೆ ಕೂತಿದ್ದಾರೆ. ಊರಗೌಡರು ಗಂಟಲು ಸರಿಮಾಡಿಕೊಂಡರು.

"ಕಾಲು ಬಂದು ನಿಂತ್ಕತು. ಯಾರ್ ಕಾಲು ಸ್ವಾಮಿ?"

"ಗೊತ್ತಿಲ್ಲ ಗೌಡರೇ."

"ಒಳಿಕ್ ಬಂತಾ?"

"ಕಥೆ ಅಲ್ಲಿಗೇ ನಿಲ್ಲುತ್ತೆ."

"ಅಂಗಾರೆ ಇದುನ್ನ ಕೇಳ್ದೋರ್ಗೆ ಫಲ ಏನು?"

ಕೇಳುವುದರಲ್ಲಿ ಅವರ ತಪ್ಪೇನೂ ಇಲ್ಲ. ಯಾವ ಪುರಾಣ ಓದಿದರೂ ಕೊನೆಗೆ ಫಲಶ್ರುತಿ ಹೇಳಬೇಕು. ಇದನ್ನು ಕೇಳಿದವರಿಗೆ ಮಕ್ಕಳಾಗುವುದು, ಮಳೆಯಾಗುವುದು, ಕಳೆದ ದನ ಸಿಗುವುದು, ಹೀಗೆ. ಅದನ್ನು ಹೇಳಿದ ಮೇಲೇ ಜನ ಕೈಮುಗಿದು ಏಳುವುದು. ನಾನು ಕಡತದ ಮಡಿಕೆ ತಿರುವಿ ನೋಡಿದೆ. ಹಿಂದಿನಿಂದ ಯಾವನೋ ಪೋಕರಿ, "ಒತ್ತು ಓಯ್ತದೆ, ಅದೇ ಫಲ ಕಣ್ಲಾ!" ಅಂದ. ಚಾವಡಿಗೆ ಚಾವಡಿಯೇ ಗೊಳ್ಳೆಂದಿತು.

ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: ಫಲ ಇಲ್ಲ, ಕಥೆ ಚೆನ್ನಾಗಿದೆ, ಅಷ್ಟೇ. ಅಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ನಾಲಿಗೆಗೆ ಬೆಂಕಿ ಹಾಕ! ಕಡತವನ್ನು ಕಣ್ಣಿಗೊತ್ತಿಕೊಂಡು, ಇದ್ದಬದ್ದ ರಾಗವೆಲ್ಲ ಸೇರಿಸಿ ಶುರುಮಾಡಿದೆ: "ಈ ಹೊಸ್ತಿಲ ಕಥೆಯನ್ನು ಭಕ್ತಿಯಿಂದ ಕೇಳಿದವರ, ಓದಿಸಿದವರ ಮನೆಯಿಂದ ಹೊರಟುಹೋದವರು ದೇಶಾಂತರದಲ್ಲಿದ್ದರೂ, ದಂಡಿನಲ್ಲಿದ್ದರೂ, ತಾವು ದಾಟಿ ಹೋದ ಅದೇ ಹೊಸ್ತಿಲನ್ನು ದಾಟಿ ಸುಖವಾಗಿ ಮನೆಗೆ ಬರುವರು."

ನಗು ನಿಂತಿತು. ಗೌಡರು ಕೈಮುಗಿದರು. ಎಲ್ಲರೂ ಕೈಮುಗಿದರು. ಹೆಂಗಸರ ಕಡೆ, ಕಂಬದ ಪಕ್ಕ ಆಚಾರ್ರ ಸೊಸೆ ಕೂತಿದ್ದಳು. ಆ ಫಲ ನನ್ನ ಬಾಯಿಗೆ ಬರುವ ಮೊದಲು ನಾನು ಆಕೆಯನ್ನು ನೋಡಿದ್ದೆನೋ, ಹೇಳಿದ ಮೇಲೆ ನೋಡಿದೆನೋ? ಮೊದಲೇ ನೋಡಿದ್ದೆ. ಅವಳ ಮುಖದಿಂದಲೇ ಆ ಮಾತನ್ನು ಎತ್ತಿಕೊಂಡೆ. ಅದಕ್ಕೇ ಅದು ಅಷ್ಟು ಸರಾಗವಾಗಿ ಬಂತು.

ಆಚಾರ್ರು ಅವತ್ತು ನಗಲಿಲ್ಲ. ಕಡತ ವಾಪಸ್ಸು ಇಸಿದುಕೊಳ್ಳುವಾಗ, "ಬರ್ದೋನು ಜಾಗ ಬುಟ್ಟಿದ್ದ. ನೀವು ತುಂಬ್ಸುದ್ರಿ," ಅಂದರು. ಅಷ್ಟೇ.

ಮಾರನೆಯ ದಿನದಿಂದ ದೀಪ ಹಚ್ಚುವ ಹೊತ್ತಿಗೆ ಸೊಸೆ ಕಡತ ತಂದು ಮಾವನ ಮುಂದೆ ಇಡತೊಡಗಿದಳು. "ಓದಿ ಮಾವಯ್ಯ." ಓದುತ್ತಿದ್ದರು. ಕೊನೆಗೆ ನನ್ನ ಫಲಶ್ರುತಿಯನ್ನೂ, ಅದೇ ರಾಗದಲ್ಲಿ. ರಾಗ ಅವರಿಗೆ ಬರುತ್ತಿರಲಿಲ್ಲ, ಕೇಳಲು ಹಿಂಸೆಯಾಗುತ್ತಿತ್ತು. ಆಮೇಲೆ ಆಕೆ ಕಡತಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಬಳಪದ ಅಕ್ಷರ ಎಷ್ಟು ದಿನ ತಾಳುತ್ತದೆ? ಅವಳ ಬೆರಳು ಆಡಿದ ಕಡೆಯೆಲ್ಲ ಅಳಿಸುತ್ತಾ ಬಂತು. ಮೊದಮೊದಲು ತಿದ್ದುತ್ತಿದ್ದರು, ಆಮೇಲೆ ಬಿಟ್ಟರು. ಬೇರೆ ಕಡತಗಳನ್ನು ಅಟ್ಟದಿಂದ ಇಳಿಸುವುದೂ ನಿಂತಿತು. ಓದು ಅಂದರೆ ಅವರಿಗೂ ಈಗ ನನ್ನ ಹಾಗೆ ಒಂದು ಕಸುಬಾಯಿತು.

ನೋಡಲಾರದೆ ಒಂದು ದಿನ ಹೇಳಿದೆ: "ಆಚಾರ್ರೇ, ಆ ಹುಡುಗಿಗೆ ನಿಜ ಹೇಳಿಬಿಡುತ್ತೇನೆ. ಅದು ನಾನು ಸೇರಿಸಿದ್ದು ಅಂತ."

ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನಿಮ್ ಮನ್ಸ್ ಅಗೂರ ಮಾಡ್ಕಳಾಕೆ ಅವ್ಳುನ್ನ ಸಾಯಿಸ್ತೀರಾ? ಮೊದ್ಲು ಉಣ್ತಿರ್ಲಿಲ್ಲ, ಈಗ ಎಲ್ಡೊತ್ತು ಉಣ್ತಾಳೆ. ಗೋಡೆ ಎತ್ತುದ್ ಮ್ಯಾಲೆ ಒಸ್ಲು ಕಿತ್ರೆ ಗೋಡೆ ಕುಂತ್ಕತದೆ ಕಣ್ ಸ್ವಾಮಿ. ಸುಮ್ಕಿರಿ." ಸುಮ್ಮನಾದೆ. ಸುಮ್ಮನಿರುವುದು ನನಗೆ ಕಷ್ಟದ ಕೆಲಸವೇನೂ ಆಗಿರಲಿಲ್ಲ, ಅದನ್ನೂ ಹೇಳಬೇಕಲ್ಲ.

ಅಷ್ಟರಲ್ಲಿ ಬಡಗಣ ಸೀಮೆಯಿಂದ ಶತ್ರುಗಳ ದಂಡು ಬರುತ್ತಿದೆ, ದಾರಿಯಲ್ಲಿ ಊರೂರೇ ಸುಟ್ಟುಕೊಂಡು ಬರುತ್ತಿದೆ ಅಂತ ಗುಲ್ಲೆದ್ದಿತು. ಹೊಣಕೆರೆ ಕಡೆಯ ಜನ ಆಗಲೇ ಗಾಡಿ ಕಟ್ಟಿದ್ದರು. ನಮ್ಮ ಊರೂ ಎದ್ದಿತು. ಕೋಳಿ, ಕುಡಿಕೆ, ಒನಕೆ, ದೇವರ ಪೆಟ್ಟಿಗೆ, ಮುದುಕಿಯರು, ಎಲ್ಲ ಬೀದಿಗೆ ಬಂದವು. ಆಚಾರ್ರ ಮನೆ ಮುಂದೆ ಮಾತ್ರ ಬೇರೆ ಪೇಚಾಟ. ಸೊಸೆ ಕಂಬ ಹಿಡಿದು ಕೂತುಬಿಟ್ಟಿದ್ದಳು.

"ನಾ ಬರಾಕಿಲ್ಲ ಮಾವಯ್ಯ. ಅದೇ ಒಸ್ಲು ದಾಟಿ ಬತ್ತಾರೆ ಅಂತ ಅದೆ. ಬಂದಾಗ ನಾವಿಲ್ದಿದ್ರೆ?"

"ದಂಡ್ನೋರು ಬೆಂಕಿ ಮಡಗ್ತಾರೆ ಕಣವ್ವ!"

"ಮಡುಗ್ಲಿ."

ಆಚಾರ್ರು ನನ್ನ ಕಡೆ ಒಮ್ಮೆ ನೋಡಿದರು. ನಾನು ನನ್ನ ಗಂಟಿನ ಹಗ್ಗ ಬಿಗಿಯುವವನ ಹಾಗೆ ತಲೆ ತಗ್ಗಿಸಿದೆ. ಅವರು ಒಳಗೆ ಹೋಗಿ ಉಳಿ, ಕೊಡತಿ, ಹಾರೆ ತಂದರು. ಬಾಗಿಲ ಚೌಕಟ್ಟಿನ ಬುಡ ಬಿಡಿಸಿ, ಹಾರೆ ಹಾಕಿ ಮೀಟಿ, ತಾತನ ಕಾಲದ ಹೊನ್ನೆಮರದ ಹೊಸ್ತಿಲನ್ನು ಕಿತ್ತರು. ಅಷ್ಟು ಬೇಗ ಅವರು ಯಾವ ಕೆಲಸವನ್ನೂ ಮಾಡಿದ್ದನ್ನು ಕಾಣೆ. ಸಿಂಬಿ ಸುತ್ತಿ ತಲೆಯ ಮೇಲೆ ಹೊತ್ತರು. "ತಗಾ, ಇನ್ನೇನ್ ನೆವ ಅದೆ? ನಡಿ."

ಆಕೆ ಎದ್ದಳು. ಹೊಸ್ತಿಲ ಕಥೆಯ ಕಡತವನ್ನು ಮಡಿಲಿಗೆ ಕಟ್ಟಿಕೊಂಡು ಮುಂದೆ ನಡೆದಳು. ಅಟ್ಟದ ಮೇಲಿನ ಗಂಟು? ಒಬ್ಬ ಮುದುಕ, ಒಂದು ತಲೆ. ಹೊಸ್ತಿಲು ಹೊತ್ತ ತಲೆಯ ಮೇಲೆ ಕಡತ ಹೊರುವುದು ಹೇಗೆ? ಅವರು ಒಂದು ಗಳಿಗೆ ಮನೆಯ ಕಡೆ ತಿರುಗಿ ನಿಂತರು. ಮರದ ಭಾರಕ್ಕೆ ಕತ್ತೆತ್ತಿ ಅಟ್ಟದ ಕಡೆ ನೋಡಲೂ ಆಗಲಿಲ್ಲ. ನಡೆದರು. ನಾನಾದರೂ ಹೋಗಿ ತರಬಹುದಾಗಿತ್ತು. ನನ್ನ ಪುರಾಣದ ಪೆಟ್ಟಿಗೆ ನನ್ನ ಹೆಗಲ ಮೇಲಿತ್ತು.

ಊರು ಬಿಟ್ಟು ಓಡುವ ದುಃಖದಲ್ಲೂ ಜನ ನಗುವುದನ್ನು ಬಿಡಲಿಲ್ಲ. ಹೊಸ್ತಿಲು ಹೊತ್ತು ಹೋಗುವ ಮುದುಕನನ್ನು ನೋಡಿ, "ಬಾಗ್ಲು ಎಲ್ಲಿ ಆಚಾರ್ರೆ, ಇಂದೆ ಬತ್ತದಾ?" ಅಂದರು. ಮೇಲುಕೋಟೆ ಬೆಟ್ಟದ ಬುಡದಲ್ಲಿ ಅವರು ಏದುಸಿರು ಬಿಡುವಾಗ ನಾನು ಹತ್ತಿರ ಹೋಗಿ, "ಸ್ವಲ್ಪ ದೂರ ನಾನು ಹೊರುತ್ತೇನೆ, ಕೊಡಿ," ಅಂದೆ.

"ಬುಡಿ ಅಯ್ನೋರೆ. ನಿಮ್ಗೆ ಒರ್ಸಾಕ್ ಬತ್ತದೆ, ಒರಾಕ್ ಬರಾಕಿಲ್ಲ," ಅಂತ ನಕ್ಕರು. ನಿಜವಾಗಿಯೂ ನಕ್ಕರು, ಚುಚ್ಚಲಿಕ್ಕಲ್ಲ. ನನ್ನ ಹೆಂಡತಿ ಮಾತ್ರ ಸುಮ್ಮನೆ ಬಿಡುವವಳಲ್ಲ. ಮುಂದೆ ಹೋಗುತ್ತಿದ್ದ ಆ ಮರದ ತುಂಡನ್ನು ತೋರಿಸಿ, "ನೋಡಿ, ನೀವು ಹೇಳಿದ ಪುರಾಣ ಹ್ಯಾಗೆ ನಡಕೊಂಡು ಹೋಗ್ತಿದೆ," ಅಂದಳು.

ದಂಡು ಬಂತು, ಹೋಯಿತು. ನಾಗಮಂಗಲದಲ್ಲಿ ತೆಂಗಿನ ಮರ ಕೂಡ ಉಳಿಸಲಿಲ್ಲವಂತೆ. ಬಡಗಿ ಬೀದಿ ಪೂರ್ತಿ ಬೂದಿ. ಅಟ್ಟದ ಗಂಟಿನಲ್ಲಿದ್ದ ಪಾದುಕೆ ಹಿಡಿದವನೂ, ಇನ್ನೂ ನಾನು ಕೇಳದೆ ಇದ್ದ ಎಷ್ಟೋ ಜನರೂ ಅದರಲ್ಲಿ ಹೋದರು.

ಆಚಾರ್ರು ಮತ್ತೆ ಊರಿಗೆ ಹೋಗಲಿಲ್ಲ. ಚಿನಕುರಳಿಯ ಕಲ್ಲುಕುಟಿಗರ ಗುಡಿಸಲುಗಳ ಪಕ್ಕ ತಾವೂ ಒಂದು ಗುಡಿಸಲು ಹಾಕಿಕೊಂಡು, ಸುತ್ತಿಗೆಗೆ ಹಿಡಿ ಹಾಕಿಕೊಡುತ್ತಾ ಉಳಿದರು. ಸೋಗೆ ಮಾಡು, ಬಾಗಿಲಿಗೆ ತಡಿಕೆ, ಅದರ ಕೆಳಗೆ ರಾಜರ ಮನೆಗೆ ಒಪ್ಪುವಂಥ ಹೊನ್ನೆಯ ಹೊಸ್ತಿಲು. ನಾನು ಹತ್ತಿರದ ಹಿರೋಡೆಯಲ್ಲಿ ದೇವಸ್ಥಾನದ ಓದು ಹಿಡಿದೆ. ಆಗಾಗ ಹೋಗುತ್ತಿದ್ದೆ. ಹೊಸ್ತಿಲು ಹೊತ್ತ ಮೇಲೆ ಅವರ ಕತ್ತು ಸರಿಹೋಗಲೇ ಇಲ್ಲ. ಒಂದು ಕಡೆಗೆ ವಾಲಿಕೊಂಡಿತ್ತು. ಹಾಗಾಗಿ ನನ್ನನ್ನು ನೋಡುವಾಗಲೆಲ್ಲ ಏನೋ ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಏನೂ ಕೇಳುತ್ತಿರಲಿಲ್ಲ. ಸಂಜೆ ಓದು ಮಾತ್ರ ತಪ್ಪಲಿಲ್ಲ, ಕತ್ತು ವಾರೆಯಾಗಿಯೇ.

ಕೆಲವು ವರ್ಷ ಕಳೆದ ಮೇಲೆ, ಆಚಾರ್ರ ಕೊನೆಯ ಬೇಸಿಗೆಯಲ್ಲಿ, ಶತ್ರುಗಳು ಮುತ್ತಿದ್ದ ಪಟ್ಟಣದ ಕಡೆಯಿಂದ ತೋಪಿನ ಸದ್ದು ಚಿನಕುರಳಿಯವರೆಗೂ ಕೇಳುತ್ತಿತ್ತು. ಅವರು ಹಾಸಿಗೆ ಹಿಡಿದಿದ್ದರು. ಸೊಸೆ ಹೊಸ್ತಿಲ ಹತ್ತಿರ ಕೂತು, ಸದ್ದು ಬಂದಾಗಲೆಲ್ಲ, "ಗಾಲಿ ಮುರ್ದಿಲ್ಲ ಮಾವಯ್ಯ, ಇನ್ನೂ ಗುಂಡ್ ಒಡೀತಾವ್ರೆ," ಅನ್ನುತ್ತಿದ್ದಳು. ಗಂಡ ಮಾಡಿದ ಗಾಲಿ ಅಂತ ಅವಳ ಲೆಕ್ಕ. ಆಚಾರ್ರು ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು: "ಪಾದುಕೆ ಕತೆ ಯೋಳಿ ಸ್ವಾಮಿ. ಮೆಲ್ಕೆ, ಅವ್ಳ್ಗೆ ಕೇಳ್ಬಾರ್ದು."

ನೆನಪಿದ್ದಷ್ಟು ಹೇಳಿದೆ. ಅಳುವವರ ಕಣ್ಣಿಗೆ ಹಬ್ಬದ ಹೊಗೆ ಹೋಗಿದೆ ಅಂದುಕೊಳ್ಳುವ ಕಡೆ ಅವರು ಕಿಸಕ್ಕನೆ ನಕ್ಕರು. ಚಾವಡಿಯ ಹಿಂದಿನ ಸಾಲಿನ ಅದೇ ನಗು. ಕಂಬದ ಹತ್ತಿರ ಪಾದುಕೆ ಇಟ್ಟು ಊಟಕ್ಕೆ ಹೋದ ಅಂತ ಮುಗಿಸಿ ಸುಮ್ಮನಾದೆ. "ಈಗ ಕಲ್ತ್ಕಂಡ್ರಿ," ಅಂದರು. ಅವರಿಂದ ನನಗೆ ಸಿಕ್ಕ ಮೆಚ್ಚುಗೆ ಅಂದರೆ ಅದೊಂದೇ. ಅದನ್ನು ನೆನೆದಾಗಲೂ ನನಗೆ ಸಂತೋಷವಾಗುವುದಿಲ್ಲ. ಪಟ್ಟಣ ಬಿದ್ದ ಸುದ್ದಿ ಬರುವ ಹೊತ್ತಿಗೆ ಅವರು ಇರಲಿಲ್ಲ.

ಸತ್ತವರ ಮನೆಯಲ್ಲಿ ಪುರಾಣ ಓದಿಸುವುದು ಪದ್ಧತಿ. ನಾನು ಪೆಟ್ಟಿಗೆ ಹಿಡಿದೇ ಹೋಗಿದ್ದೆ. ಸೊಸೆ ಬೇಡ ಅಂದಳು. ಅರಿಶಿನ ಮೆತ್ತಿ ಗಟ್ಟಿಯಾಗಿದ್ದ ಆ ಕಡತ ತಂದು ಮುಂದಿಟ್ಟಳು. "ಇದ್ನೇ ಓದಿ ಸ್ವಾಮಿ. ಮಾವಯ್ಯಂಗೂ ಇದೇ ಆಗ್ತಿದ್ದುದ್ದು."

ಬಿಚ್ಚಿದೆ. ಅಲ್ಲೊಂದು ಇಲ್ಲೊಂದು ಅಕ್ಷರ ಬಿಟ್ಟರೆ ಏನೂ ಇರಲಿಲ್ಲ. ನೆನಪಿನಿಂದಲೇ ಹೇಳುತ್ತಾ ಹೋದೆ, ಕಣ್ಣು ಮಾತ್ರ ಕಡತದ ಮೇಲೆ. ಅವತ್ತು ಒಂದು ನಿಶ್ಚಯ ಮಾಡಿಕೊಂಡಿದ್ದೆ: ಇವತ್ತಾದರೂ ಬರೆದವನು ನಿಲ್ಲಿಸಿದ ಕಡೆ ನಿಲ್ಲಿಸುತ್ತೇನೆ. ಸತ್ತವರಿಗೆ ಅಷ್ಟಾದರೂ ಸಲ್ಲಿಸುತ್ತೇನೆ. ಹೊರಗೆ ರಸ್ತೆಯಲ್ಲಿ ಪಟ್ಟಣದಿಂದ ಬಿಡುಗಡೆಯಾದ ದಂಡಿನ ಜನ ಗುಂಪುಗುಂಪಾಗಿ ಅತ್ತಿಕುಪ್ಪೆಯ ಕಡೆ ಹೋಗುತ್ತಿದ್ದರು. ಕುಂಟುವವರು, ಕೈಗೆ ಬಟ್ಟೆ ಸುತ್ತಿದವರು, ಗಡ್ಡದ ಹಿಂದೆ ಮುಖವೇ ಗುರುತು ಸಿಗದವರು. ಅವರ ಹೆಜ್ಜೆ ಸದ್ದಿನ ನಡುವೆಯೇ ಕಥೆಯ ಕೊನೆಗೆ ಬಂದೆ.

"ಹೊರಗೆ ಒಂದು ಕಾಲು ಬಂದು ನಿಂತಿತು."

ನಿಲ್ಲಿಸಿದೆ. ಕಡತ ಮಡಿಸಿದೆ. ಆಕೆ ಮುಗಿದ ಕೈ ಬಿಡದೆ ಕಾಯುತ್ತಿದ್ದಳು. ತಲೆಗೂದಲು ಅಲ್ಲಲ್ಲಿ ನೆರೆತಿತ್ತು. ಅದನ್ನು ನಾನು ಅವತ್ತೇ ಗಮನಿಸಿದ್ದು.

"ಸ್ವಾಮಿ," ಅಂದಳು, "ಫಲ ಯೋಳ್ಲಿಲ್ಲ."

ಹೇಳಿದೆ. ಮೊದಲ ಸಲಕ್ಕಿಂತ ಚೆನ್ನಾಗಿ ಹೇಳಿದೆ. ದೇಶಾಂತರದಲ್ಲಿದ್ದರೂ, ದಂಡಿನಲ್ಲಿದ್ದರೂ, ಅದೇ ಹೊಸ್ತಿಲನ್ನು ದಾಟಿ. ಆಕೆ ಬಗ್ಗಿ ಹೊಸ್ತಿಲಿಗೆ ಹಣೆ ಮುಟ್ಟಿಸಿದಳು. ಅವಳು ಬಗ್ಗಿದ್ದಾಗ ಅವಳ ತಲೆಯ ಮೇಲಿಂದ ನಾನು ರಸ್ತೆಯ ಕಡೆ ನೋಡಿದೆ. ಸುಳ್ಳು ಅಂತ ಗೊತ್ತಿದ್ದವನು ನಾನೊಬ್ಬನೇ ಉಳಿದಿದ್ದೆ, ಆದರೂ ನೋಡಿದೆ.